ಹೇರಿಗೆ ತಕ್ಕ ಗಾಡಿ: ಚಕ್ಕಡಿಯಿಂದ ಚಿಕ್ಕ ಟ್ರಕ್ಕಿನವರೆಗೆ

ಬೆಳ್ಳಿಹಬ್ಬದ ಈ ಸಂಚಿಕೆಯಲ್ಲಿ ಶೇರು ಬಂಡವಾಳ, ಠೇವಣಿ, ಸಾಲ ವಸೂಲಿಗಳ ಲೆಕ್ಕ ಬೇರೆ ಪುಟಗಳಲ್ಲಿ ಇದ್ದೇ ಇರುತ್ತದೆ. ಆ ಲೆಕ್ಕದಲ್ಲಿ ‘ಸಾಗಾಣಿಕೆ ವೆಚ್ಚ’ ಎಂದು ಒಂದೇ ಸಾಲಿನಲ್ಲಿ ಮುಗಿದುಹೋಗುವ ಬಾಬು ಒಂದುಂಟು. ಗೊಬ್ಬರ ತಂದದ್ದು, ಬೀಜ ತಂದದ್ದು, ಹಿಂಡಿ ತಂದದ್ದು, ಕಾಳು ಪೇಟೆಗೆ ಒಯ್ದದ್ದು ಎಲ್ಲ ಅದರಲ್ಲೇ ಅಡಕ. ಆ ಒಂದು ಸಾಲಿನ ಹಿಂದಿರುವ ಇತಿಹಾಸವನ್ನು ಸದಸ್ಯ ಬಾಂಧವರ ಮುಂದಿಡುವುದು ಈ ಲೇಖನದ ಉದ್ದೇಶ. ಇನ್ನೊಂದು ಕಾರಣವೂ ಇದೆ. ಈಚೆಗೆ ನಮ್ಮ ಕಡೆ ವಾಹನ ಸಾಲ ಕೇಳುವ ಹುಡುಗರು ಹೆಚ್ಚಾಗಿದ್ದಾರೆ. ಅವರಲ್ಲಿ ಬಹಳ ಮಂದಿಗೆ ದೊಡ್ಡ ಪಿಕಪ್ಪೇ ಆಗಬೇಕು. ‘ತಗೊಳ್ಳೋದಾದ್ರ ದೊಡ್ಡದೇ ತಗೋಬೇಕ್ರಿ, ಸಣ್ಣದು ಏನ್ ಮಾಡ್ತೀರಿ’ ಅನ್ನುತ್ತಾರೆ. ಹೊಲದ ಉತಾರ ಅಡವಿಟ್ಟು ತರುವ ಗಾಡಿ ಅದು. ಕಂತು ತಪ್ಪಿದರೆ ಗಾಡಿಯ ಸಂಗಡ ಹೊಲಕ್ಕೂ ಕುತ್ತು ಬರುತ್ತದೆ. ಹೀಗಿರುವಾಗ ದೊಡ್ಡದೋ ಸಣ್ಣದೋ ಎಂಬುದು ಬರೀ ಶೋಕಿಯ ಮಾತಾಗಿ ಉಳಿಯುವುದಿಲ್ಲ.

ನಮ್ಮ ಹಿರಿಯರಿಗೆ ಈ ಗೊಂದಲ ಇರಲಿಲ್ಲ. ಚಕ್ಕಡಿಯ ಅಳತೆ ಎತ್ತಿನ ಹೆಗಲನ್ನೂ ಹೊಲದ ದಾರಿಯನ್ನೂ ನೋಡಿ ಆದದ್ದು. ಎರಿ ಭೂಮಿಯ ಹಳ್ಳದ ದಾರಿಯಲ್ಲಿ ಹೂತುಕೊಳ್ಳದಂತೆ ದೊಡ್ಡ ಗಾಲಿ, ಒಂದು ಜೋಡಿ ಎತ್ತು ಎಳೆಯುವಷ್ಟು ಹೇರು, ಅಂದರೆ ಹತ್ತು ಕ್ವಿಂಟಲ್‌ನ ಆಸುಪಾಸು. ಅದಕ್ಕಿಂತ ಹೆಚ್ಚು ಹೇರಿದರೆ ಎತ್ತೇ ನಿಂತು ಹೇಳುತ್ತಿತ್ತು. ಬೆಂಗಳೂರಿನ ಐಐಎಂ ಸಂಸ್ಥೆಯ ಮೊದಲ ನಿರ್ದೇಶಕರಾಗಿದ್ದ ಎನ್. ಎಸ್. ರಾಮಸ್ವಾಮಿಯವರು 1970ರ ದಶಕದಿಂದ ಈ ಚಕ್ಕಡಿಯ ಮೇಲೇ ಕೆಲಸ ಮಾಡಿದರು. ದೊಡ್ಡ ದೊಡ್ಡ ಕಾರಖಾನೆಗಳ ಆಡಳಿತ ಕಲಿಸುವ ಸಂಸ್ಥೆಯ ಮುಖ್ಯಸ್ಥರು ಎತ್ತಿನ ನೊಗ, ಹೆಗಲ ಹುಣ್ಣು, ಗಾಲಿಯ ಬೇರಿಂಗ್ ಬಗ್ಗೆ ಮಾತಾಡಿದ್ದು ಆಗ ಕೆಲವರಿಗೆ ವಿಚಿತ್ರ ಕಂಡಿರಬಹುದು. ಆದರೆ ಹಳ್ಳಿಯ ಸರಕು ನಿಜವಾಗಿ ಯಾವುದರ ಮೇಲೆ ಸಾಗುತ್ತದೆ ಎಂಬುದನ್ನು ಅವರು ಸರಿಯಾಗಿಯೇ ಹಿಡಿದಿದ್ದರು.

ಮೋಟಾರು ಹಾಕಿದ ಸಣ್ಣ ಗಾಡಿ ನಮ್ಮ ದೇಶಕ್ಕೆ ಬಂದದ್ದು ಜರ್ಮನಿಯಿಂದ. ಹ್ಯಾಂಬರ್ಗ್ ಊರಿನ ‘ಟೆಂಪೊ’ ಎಂಬ ಕಂಪನಿಯ ಹ್ಯಾನ್ಸೀಟ್ ಎಂಬ ಮೂರು ಗಾಲಿಯ ಗಾಡಿಯನ್ನು 1958ರಲ್ಲಿ ಮುಂಬಯಿಯ ಗೋರೆಗಾಂವದಲ್ಲಿ ತಯಾರಿಸತೊಡಗಿದರು. ಮುಂದೆ ಅದೇ ಬಜಾಜ್ ಟೆಂಪೊ ಕಂಪನಿ ಆಯಿತು. 2005ರಲ್ಲಿ ಫೋರ್ಸ್ ಮೋಟರ್ಸ್ ಎಂದು ಹೆಸರು ಬದಲಿಸಿಕೊಂಡಿತು. ಕಂಪನಿ ಹೆಸರು ಬಿಟ್ಟರೂ ನಮ್ಮ ಜನ ಬಿಡಲಿಲ್ಲ. ಇವತ್ತಿಗೂ ಸರಕು ಹೊರುವ ಯಾವ ಸಣ್ಣ ಗಾಡಿ ಬಂದರೂ ನಮ್ಮವರ ಬಾಯಲ್ಲಿ ಅದು ‘ಟೆಂಪೋ’ನೇ. ಮುಂದೆ ಒಂದು, ಹಿಂದೆ ಎರಡು ಗಾಲಿ, ಆನೆಯ ಸೊಂಡಿಲಿನಂಥ ಮೂತಿ, ಅರ್ಧ ಮೈಲಿಗೇ ಕೇಳುವ ಸದ್ದು. ನೋಡಿದವರಿಗೆ ಇನ್ನೂ ನೆನಪಿರಬೇಕು. ಆಮೇಲೆ ಮೆಟಡಾರ್ ಬಂತು. 1980ರ ದಶಕದಲ್ಲಿ ಜಪಾನಿನ ಕಂಪನಿಗಳ ಜತೆಗೂಡಿ ಡಿಸಿಎಂ ಟೊಯೊಟಾ, ಸ್ವರಾಜ್ ಮಜ್ದಾ, ಆಲ್ವಿನ್ ನಿಸ್ಸಾನ್, ಐಷರ್ ಮಿತ್ಸುಬಿಶಿ ಎಂಬ ನಾಲ್ಕು ಹೆಸರಿನ ಗಾಡಿಗಳು ಒಂದರ ಹಿಂದೊಂದು ಬಂದವು. ಅವುಗಳಿಗೆ ಎದುರಾಗಿ ಟಾಟಾದವರು 1986ರಲ್ಲಿ 407 ಬಿಟ್ಟರು. ಅದು ಹೇಗೆ ಊರೂರಿಗೆ ಹೊಕ್ಕಿತು ಎಂಬುದನ್ನು ಹೇಳುವ ಅಗತ್ಯವೇ ಇಲ್ಲ. ಗಣಪತಿ ತಂದದ್ದೂ ಅದರಲ್ಲೇ, ನಾಟಕದ ಪರದೆ ತಂದದ್ದೂ ಅದರಲ್ಲೇ.

ಆದರೆ ಒಂದು ತೊಡಕು ಉಳಿದಿತ್ತು. ನಮ್ಮ ಸಂಘ ಹುಟ್ಟಿದ ಕಾಲಕ್ಕೆ, ಅಂದರೆ 2000ದ ಆಸುಪಾಸಿನಲ್ಲಿ, ರೈತನ ಎದುರಿಗೆ ಇದ್ದವು ಎರಡೇ ದಾರಿ. ಒಂದು, ಟಂಟಂ ಎಂದು ನಾವು ಕರೆಯುವ ಮೂರು ಗಾಲಿಯ ಗಾಡಿ. ಅದು ಊರ ಸುತ್ತ ಸರಿ, ಹೆದ್ದಾರಿಗೆ ಹತ್ತಿದರೆ ಜೀವ ಕೈಯಲ್ಲಿ. ಇನ್ನೊಂದು 407ರಂಥ ಗಾಡಿ. ಅದು ತುಂಬಬೇಕಾದರೆ ನಾಲ್ಕು ಮನೆಯ ಮಾಲು ಕೂಡಬೇಕು. ಕೂಡದಿದ್ದರೆ ಅರ್ಧ ಖಾಲಿ ಗಾಡಿಗೆ ಪೂರಾ ಬಾಡಿಗೆ. ಟ್ರ್ಯಾಕ್ಟರ್ ಟ್ರೇಲರ್ ಇತ್ತು, ನಿಜ, ಆದರೆ ಅಮರಗೋಳದ ಮಾರುಕಟ್ಟೆಗೆ ಹತ್ತು ಡಬ್ಬಿ ಬದನೆಕಾಯಿ ಒಯ್ಯಲು ಟ್ರ್ಯಾಕ್ಟರ್ ಹೊಡೆದರೆ ಬದನೆಕಾಯಿಯ ದುಡ್ಡು ಡೀಸೆಲ್ಲಿಗೇ ಸರಿ.

ಈ ನಡುವಿನ ಜಾಗವನ್ನು ಜಪಾನಿನವರು ನಮಗಿಂತ ಅರ್ಧ ಶತಮಾನ ಮೊದಲೇ ಕಂಡುಕೊಂಡಿದ್ದರು. ಯುದ್ಧದಲ್ಲಿ ಸೋತು ನೆಲಕಚ್ಚಿದ್ದ ದೇಶ. ಜನರ ಹತ್ತಿರ ದುಡ್ಡಿಲ್ಲ, ಪೆಟ್ರೋಲು ಇಲ್ಲ, ಗದ್ದೆಗಳ ನಡುವೆ ಬದುವಿನಷ್ಟೇ ಅಗಲದ ದಾರಿ. 1949ರಲ್ಲಿ ಅಲ್ಲಿಯ ಸರಕಾರ ‘ಕೇ’ ಎಂಬ ಹೊಸ ವಾಹನ ವರ್ಗವನ್ನು ಕಾನೂನಿನಲ್ಲಿ ಸೇರಿಸಿತು. ‘ಕೇ’ ಎಂದರೆ ಹಗುರ ಎಂದರ್ಥ. ಗಾಡಿ ಇಷ್ಟೇ ಉದ್ದ, ಇಷ್ಟೇ ಅಗಲ, ಎಂಜಿನ್ ಇಷ್ಟೇ ದೊಡ್ಡದು. ಅದರೊಳಗೆ ಇದ್ದರೆ ತೆರಿಗೆ ಕಡಿಮೆ. ಮಿತಿಗಳು ಕಾಲಕಾಲಕ್ಕೆ ಸಡಿಲವಾದವು. ಈಗ ಉದ್ದ 3.4 ಮೀಟರ್, ಅಗಲ 1.48 ಮೀಟರ್, ಎಂಜಿನ್ 660 ಸಿಸಿ, ಹೇರು 350 ಕಿಲೊ. ಡೈಹಟ್ಸು ಹೈಜೆಟ್ 1960ರಲ್ಲಿ, ಸುಜುಕಿ ಕ್ಯಾರಿ ಮತ್ತು ಸುಬಾರು ಸಾಂಬಾರ್ 1961ರಲ್ಲಿ ಬಂದವು. ಹೋಂಡಾ ಕಂಪನಿ ಮಾರಿದ ಮೊಟ್ಟಮೊದಲ ನಾಲ್ಕು ಗಾಲಿಯ ವಾಹನವೂ ಕಾರಲ್ಲ, 1963ರ ಇಂಥದೇ ಒಂದು ಪುಟ್ಟ ಟ್ರಕ್ಕು.

ಸಾಂಬಾರ್ ಎಂಬ ಹೆಸರು ಕೇಳಿ ನಗಬೇಡಿ. ಅದು ನಮ್ಮ ಅನ್ನದ ಸಾಂಬಾರಲ್ಲ, ಕಾಡಿನ ಕಡವೆ. ಸಹಕಾರಿಗಳಾದ ನಾವು ಈ ಗಾಡಿಯ ಬಗ್ಗೆ ತಿಳಿಯಬೇಕಾದ ಸಂಗತಿ ಒಂದಿದೆ. 1947ರ ಕಾನೂನಿನಡಿ ಜಪಾನಿನ ಹಳ್ಳಿ ಹಳ್ಳಿಗಳಲ್ಲಿ ಕೃಷಿ ಸಹಕಾರ ಸಂಘಗಳು ಎದ್ದವು. ಬೀಜ, ಗೊಬ್ಬರ, ಸಾಲ, ವಿಮೆ, ಮಾರಾಟ ಎಲ್ಲ ಅವುಗಳ ಮೂಲಕವೇ. ಸುಬಾರು ಕಂಪನಿ ತನ್ನ ಸಾಂಬಾರ್ ಗಾಡಿಯ ಒಂದು ಬೇಸಾಯದ ಮಾದರಿಯನ್ನು ಈ ಸಹಕಾರ ಸಂಘಗಳ ಮುಖಾಂತರವೇ ರೈತರಿಗೆ ಮಾರುತ್ತಿತ್ತು. ಎಂಜಿನ್ ಹಿಂದೆ ಇದ್ದದ್ದರಿಂದ ಗಾಡಿ ಖಾಲಿ ಇದ್ದರೂ ಹಿಂದಿನ ಗಾಲಿಯ ಮೇಲೆ ಭಾರ ಬಿದ್ದು ಕೆಸರಿನಲ್ಲಿ ಹಿಡಿತ ಸಿಗುತ್ತಿತ್ತು. ಅಲ್ಲಿಯ ಬೇಸಾಯದ ಪುಟ್ಟ ಟ್ರಕ್ಕುಗಳಲ್ಲಿ ನಾಲ್ಕೂ ಗಾಲಿಗೆ ಬಲ, ಗದ್ದೆಯಲ್ಲಿ ನಡೆಯುವ ವೇಗಕ್ಕೇ ಸಾಗಲು ಒಂದು ವಿಶೇಷ ಗೇರು, ಮೂರು ಕಡೆಯೂ ಇಳಿಸಬಹುದಾದ ಹಲಗೆ ಇರುತ್ತವೆ. ಹಾಸು ಎಷ್ಟು ತಗ್ಗಿನಲ್ಲಿರುತ್ತದೆ ಎಂದರೆ ವಯಸ್ಸಾದ ಹೆಣ್ಣುಮಗಳೂ ಬುಟ್ಟಿಯನ್ನು ನೆಲದಿಂದ ಎತ್ತಿ ಇಡಬಲ್ಲಳು. ಸುಬಾರು 2012ರಲ್ಲಿ ತನ್ನದೇ ಸಾಂಬಾರ್ ತಯಾರಿಕೆ ನಿಲ್ಲಿಸಿತು. ಸುಜುಕಿ, ಡೈಹಟ್ಸು ಗಾಡಿಗಳು ಮುಂದುವರಿದಿವೆ. ನಾವು 1984ರಿಂದ ಕಂಡ ಮಾರುತಿ ವ್ಯಾನು, ಮುಂದೆ ಓಮ್ನಿ ಎನಿಸಿಕೊಂಡದ್ದು, ಈ ಸುಜುಕಿ ಕ್ಯಾರಿಯ ವಂಶದ್ದೇ.

ಇನ್ನು ಅಮೆರಿಕದ ಕಥೆ ಪೂರಾ ಉಲ್ಟಾ. ಪಿಕಪ್ ಎಂಬ ಮಾತು ನಮಗೆ ಬಂದದ್ದೂ ಅಲ್ಲಿಂದಲೇ. 1925ರಲ್ಲಿ ಫೋರ್ಡ್ ಕಂಪನಿ ತನ್ನ ಮಾಡೆಲ್ ಟಿ ಕಾರಿನ ಹಿಂದೆ ಒಂದು ಕಬ್ಬಿಣದ ಪೆಟ್ಟಿಗೆ ಕೂರಿಸಿ 281 ಡಾಲರಿಗೆ ಮಾರಿತು. ಕಾರಖಾನೆಯಿಂದಲೇ ಪಿಕಪ್ಪಾಗಿ ಬಂದ ಫೋರ್ಡಿನ ಮೊದಲ ಗಾಡಿ ಅದು. ಎಂಜಿನ್ ಶಕ್ತಿ 20 ಅಶ್ವಶಕ್ತಿ. ಒಕ್ಕಲಿಗ ಹಾಲಿನ ಕ್ಯಾನು, ಹುಲ್ಲಿನ ಹೊರೆ, ಬೇಲಿಯ ಗೂಟ ಹಾಕಿಕೊಂಡು ಹೋಗುತ್ತಿದ್ದ. ಅಂದರೆ ಅವರದೂ ಸಣ್ಣದರಿಂದಲೇ ಶುರು. ಅದು ಹೇಗೆ ಹಿಗ್ಗಿತು ಎಂಬುದರಲ್ಲಿ ಕೋಳಿಯ ಪಾತ್ರ ದೊಡ್ಡದು.

ಹೌದು, ಕೋಳಿ. 1960ರ ದಶಕದ ಆರಂಭದಲ್ಲಿ ಅಮೆರಿಕದ ಅಗ್ಗದ ಫಾರಂ ಕೋಳಿ ಯುರೋಪಿಗೆ, ಅದರಲ್ಲೂ ಪಶ್ಚಿಮ ಜರ್ಮನಿಗೆ ರಾಶಿ ರಾಶಿ ಹೋಗತೊಡಗಿತು. ಅಲ್ಲಿಯ ಕೋಳಿ ಸಾಕುವ ರೈತರು ಕೂಗೆಬ್ಬಿಸಿದರು. 1962ರಲ್ಲಿ ಯುರೋಪಿನ ದೇಶಗಳು ಅಮೆರಿಕದ ಕೋಳಿಯ ಮೇಲೆ ಸುಂಕ ಏರಿಸಿದವು. ಸೇಡಿಗೆ ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್ ಆಲೂಗಡ್ಡೆಯ ಗಂಜಿ, ಬ್ರಾಂದಿ ಮುಂತಾದ ಕೆಲವು ಸರಕುಗಳ ಜತೆಗೆ ಹೊರದೇಶದ ಹಗುರ ಟ್ರಕ್ಕುಗಳ ಮೇಲೆ ಶೇಕಡಾ 25 ಸುಂಕ ಹಾಕಿದರು. ಅದು 1964ರಿಂದ ಜಾರಿಗೆ ಬಂತು. ಗುರಿ ಇಟ್ಟದ್ದು ಜರ್ಮನಿಯ ಫೋಕ್ಸ್‌ವ್ಯಾಗನ್ ಗಾಡಿಗೆ. ಪೆಟ್ಟು ಬಿದ್ದದ್ದು ಮುಂದೆ ಜಪಾನಿನ ಸಣ್ಣ ಪಿಕಪ್ಪುಗಳಿಗೆ. ಆ ಪಟ್ಟಿಯ ಉಳಿದ ಸರಕುಗಳ ಮೇಲಿನ ಸುಂಕ ಹೋಯಿತು, ಕೋಳಿಯ ಜಗಳವೂ ಜನಕ್ಕೆ ಮರೆತುಹೋಯಿತು, ಆದರೆ ಟ್ರಕ್ಕಿನ ಸುಂಕ ಅರವತ್ತು ವರ್ಷ ದಾಟಿದರೂ ಹೋಗಿಲ್ಲ. ನಡುವೆ ಜಪಾನಿನವರು ಹಿಂದಿನ ಪೆಟ್ಟಿಗೆ ಇಲ್ಲದೆ ಬರೀ ಚಾಸಿ ಕಳಿಸಿ ಅಲ್ಲೇ ಪೆಟ್ಟಿಗೆ ಕೂರಿಸಿ ಸುಂಕ ತಪ್ಪಿಸಿದರು. 1980ರಲ್ಲಿ ಆ ಬಾಗಿಲೂ ಮುಚ್ಚಿತು. ಸುಬಾರು ಕಂಪನಿಯಂತೂ ತನ್ನ ಬ್ರ್ಯಾಟ್ ಎಂಬ ಗಾಡಿಯ ಹಿಂದಿನ ಪೆಟ್ಟಿಗೆಯಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ ಹೊಂದಿಸಿ ‘ಇದು ಟ್ರಕ್ಕಲ್ಲ, ಮಂದಿ ಕೂಡುವ ಕಾರು’ ಎಂದು ದಾಟಿಸಿತು! ಜಕಾತಿ ನಾಕೆಯಲ್ಲಿ ನಮ್ಮವರು ಮಾಡುತ್ತಿದ್ದ ಕಸರತ್ತು ನೆನಪಾಗದೆ ಇರದು.

ಕೋಳಿಯ ಮೇಲೆ ಇನ್ನೊಂದು ಕಾನೂನು ಸೇರಿತು. 1973ರ ಎಣ್ಣೆ ಬಿಕ್ಕಟ್ಟಿನ ತರುವಾಯ 1975ರಲ್ಲಿ ಅಮೆರಿಕ ಸರಕಾರ ವಾಹನಗಳು ಇಂತಿಷ್ಟು ಮೈಲೇಜು ಕೊಡಲೇಬೇಕೆಂದು ವಿಧಿಸಿತು. ಕಾರುಗಳಿಗೆ ಬಿಗಿ, ಟ್ರಕ್ಕುಗಳಿಗೆ ಸಡಿಲ. ರೈತರ, ಕೆಲಸಗಾರರ ಗಾಡಿ ಅಲ್ಲವೇ ಎಂಬ ಕನಿಕರ. ಮುಂದೆ ಗಾಲಿಗಳ ನಡುವಿನ ನೆಲದ ಅಳತೆ ನೋಡಿ ಮೈಲೇಜಿನ ಗುರಿ ಗೊತ್ತುಮಾಡುವ ಪದ್ಧತಿ ಬಂತು. ಗಾಡಿ ಅಗಲವಾದಷ್ಟೂ ಗುರಿ ಸುಲಭ! ಕಂಪನಿಗಳು ಏನು ಮಾಡಬೇಕೋ ಅದನ್ನೇ ಮಾಡಿದವು. ದೊಡ್ಡ ಗಾಡಿಯಲ್ಲಿ ಲಾಭವೂ ಹೆಚ್ಚು. ಫೋರ್ಡ್ ಕಂಪನಿ ತನ್ನ ಸಣ್ಣ ಪಿಕಪ್ ರೇಂಜರ್ ಅನ್ನು ಅಲ್ಲಿ 2011ರಲ್ಲಿ ನಿಲ್ಲಿಸಿತು. 2019ರಲ್ಲಿ ಅದೇ ಹೆಸರಿನಲ್ಲಿ ಮರಳಿ ಬಂದದ್ದು ಇನ್ನೂ ದೊಡ್ಡ ಗಾಡಿ.

ಒಂದು ಅಳತೆ ಹೇಳುತ್ತೇನೆ, ಇದನ್ನು ಪಟ್ಟಿ ಹಿಡಿದು ನೋಡಿದಂತೆ ನೋಡಿ. ಅಲ್ಲಿ ಹೆಚ್ಚು ಓಡಾಡುವ ಫೋರ್ಡ್ ಎಫ್-150 ಎಂಬ ನಾಲ್ಕು ಬಾಗಿಲಿನ ಪಿಕಪ್ಪಿನ ಉದ್ದ ಸುಮಾರು 5.9 ಮೀಟರ್. ಅದರ ಹಿಂದಿನ ಹಾಸಿನ ಉದ್ದ 1.7 ಮೀಟರ್. ಜಪಾನಿನ ಪುಟ್ಟ ಟ್ರಕ್ಕಿನ ಉದ್ದ 3.4 ಮೀಟರ್, ಹಾಸಿನ ಉದ್ದ 1.94 ಮೀಟರ್. ಎರಡೂವರೆ ಮೀಟರ್ ಗಿಡ್ಡ ಇರುವ ಗಾಡಿಯ ಹಾಸೇ ಉದ್ದ! ಉಳಿದ ಉದ್ದ ಎಲ್ಲಿ ಹೋಯಿತು? ಮುಂದಿನ ಮೂತಿಗೆ, ಐದು ಮಂದಿ ಕಾಲು ಚಾಚಿ ಕೂಡುವ ಕೋಣೆಗೆ. ಹಾಗಂತ ಅಮೆರಿಕದ ಗಾಡಿ ದಂಡ ಎಂದರೆ ಅನ್ಯಾಯವಾದೀತು. ಭಾರ ಹೊರುವುದರಲ್ಲಿ ಅದು ಜಪಾನಿನದಕ್ಕಿಂತ ಎಷ್ಟೋ ಮೇಲು. ಕುದುರೆ, ದನ ತುಂಬಿದ ಟ್ರೇಲರ್ ಎಳೆಯುತ್ತದೆ, ಹಿಮದಲ್ಲಿ ನೂರಾರು ಮೈಲಿ ಹೋಗುತ್ತದೆ. ಅಲ್ಲಿಯ ಒಬ್ಬ ರೈತನ ಸರಾಸರಿ ಜಮೀನು 2022ರ ಗಣತಿಯಂತೆ 463 ಎಕರೆ. ನಮ್ಮ ದೇಶದಲ್ಲಿ 2015-16ರ ಗಣತಿಯಂತೆ 1.08 ಹೆಕ್ಟೇರ್, ಅಂದರೆ ಎರಡೂ ಮುಕ್ಕಾಲು ಎಕರೆಯೂ ಪೂರ್ತಿ ಆಗುವುದಿಲ್ಲ. ಅವನ ಅಂಗಿ ನಮಗೆ ಹೇಗೆ ಹೊಂದೀತು? ಅವನಿಗೇ ಅದು ಈಗ ಬಿಗಿಯಾಗಿದೆ. ಅಲ್ಲಿಯ ಕೆಲವು ರೈತರು, ತೋಟದವರು 25 ವರ್ಷ ಹಳೆಯ ಜಪಾನಿ ಪುಟ್ಟ ಟ್ರಕ್ಕುಗಳನ್ನು ಹಡಗಿನಲ್ಲಿ ತರಿಸಿಕೊಳ್ಳುತ್ತಿದ್ದಾರೆ. 25 ವರ್ಷ ತುಂಬದಿದ್ದರೆ ಕಾನೂನು ಬಿಡುವುದಿಲ್ಲ.

ಈಗ ನಮ್ಮಲ್ಲಿಗೆ ಬರೋಣ. 407 ಮತ್ತು ಟಂಟಂ ನಡುವೆ ಖಾಲಿ ಇದ್ದ ಜಾಗವನ್ನು ತುಂಬಿದ್ದು 2005ರ ಮೇ ತಿಂಗಳಲ್ಲಿ ಬಂದ ಟಾಟಾ ಏಸ್. ಗಿರೀಶ್ ವಾಘ್ ಎಂಬ ಎಂಜಿನಿಯರರ ಮುಂದಾಳತ್ವದ ತಂಡ ಅದನ್ನು ಕಟ್ಟಿತು. ಕಂಪನಿಯವರು ಮೊದಲು ಮೂರು ಗಾಲಿ ಗಾಡಿ ಹೊಡೆಯುವವರನ್ನು ಹುಡುಕಿಕೊಂಡು ಹೋಗಿ ನಿಮಗೇನು ಬೇಕು ಎಂದು ಕೇಳಿದರಂತೆ. ನಾಲ್ಕು ಗಾಲಿಯ ಗಾಡಿ ಇದ್ದರೆ ಊರಲ್ಲಿ ಹೆಣ್ಣು ಕೊಡುತ್ತಾರೆ ಎಂದು ಒಬ್ಬ ಹೇಳಿದನೆಂದು ಕಂಪನಿಯವರೇ ಆಮೇಲೆ ಹೇಳಿಕೊಂಡಿದ್ದಾರೆ. ಸುಳ್ಳಲ್ಲ ಬಿಡಿ. ಎಂಜಿನ್ ವಿಷಯದಲ್ಲಿ ಅವರು ಮಾಡಿದ್ದು ಹಳ್ಳಿಯ ಬುದ್ಧಿಯ ಕೆಲಸ: ಇಂಡಿಕಾ ಕಾರಿನ ನಾಲ್ಕು ಸಿಲಿಂಡರಿನ ಎಂಜಿನ್ನನ್ನು ಅರ್ಧ ಮಾಡಿ ಎರಡು ಸಿಲಿಂಡರಿನ 702 ಸಿಸಿ ಎಂಜಿನ್ ಮಾಡಿಕೊಂಡರು. ಶಕ್ತಿ 16 ಅಶ್ವಶಕ್ತಿ, 1925ರ ಫೋರ್ಡ್ ಪಿಕಪ್ಪಿಗಿಂತಲೂ ಕಡಿಮೆ. ಬೆಲೆ ಸುಮಾರು ಎರಡೂ ಕಾಲು ಲಕ್ಷ. ಹೇರು 750 ಕಿಲೊ, ಅಂದರೆ 50 ಕಿಲೊದ ಡಿಎಪಿ ಚೀಲ ಹದಿನೈದು, ಕ್ವಿಂಟಲ್ ಚೀಲವಾದರೆ ಏಳೂವರೆ. ಉತ್ತರದವರು ಅದಕ್ಕೆ ‘ಛೋಟಾ ಹಾಥಿ’ ಎಂದು ಹೆಸರಿಟ್ಟರು, ಸಣ್ಣ ಆನೆ. 2012ರ ಹೊತ್ತಿಗೆ ಏಸ್ ಕುಟುಂಬದ ಗಾಡಿಗಳು ಹತ್ತು ಲಕ್ಷ ಮಾರಾಟವಾಗಿದ್ದವು. ಅದರ ತಮ್ಮನಾದ ಏಸ್ ಜಿಪ್ ನಮ್ಮ ಧಾರವಾಡದ ಕಾರಖಾನೆಯಲ್ಲೇ ತಯಾರಾಯಿತು. ಮುಂದೆ ಮಹೀಂದ್ರಾದವರದು, ಅಶೋಕ್ ಲೇಲ್ಯಾಂಡಿನ ದೋಸ್ತ್, 2016ರಲ್ಲಿ ಮಾರುತಿಯ ಸೂಪರ್ ಕ್ಯಾರಿ ಬಂದವು.

ಇಲ್ಲಿಯೂ ಗಾಡಿಯ ಗಾತ್ರ ಗೊತ್ತುಮಾಡುವುದರಲ್ಲಿ ಕಾನೂನಿನ ಕೈ ಇದೆ. 1988ರ ಮೋಟಾರು ವಾಹನ ಕಾಯಿದೆಯಂತೆ, ಗಾಡಿ ಮತ್ತು ಹೇರು ಕೂಡಿ ಒಟ್ಟು ತೂಕ 3,000 ಕಿಲೊ ಮೀರದ ಸರಕು ವಾಹನಕ್ಕೆ ಪರ್ಮಿಟ್ ಬೇಕಿಲ್ಲ. ಪೇಟೆಯಲ್ಲಿ ಸಿಗುವ ಅನೇಕ ಪಿಕಪ್ಪುಗಳ ಒಟ್ಟು ತೂಕ ಸರಿಯಾಗಿ ಆ ಮೂರು ಟನ್ನಿನ ಗೆರೆಯ ಒಳಗೇ ನಿಲ್ಲುವುದು ಆಕಸ್ಮಿಕವಲ್ಲ. ಲೈಸೆನ್ಸಿನ ಗೊಂದಲವೂ ಬಹಳ ಕಾಲ ಇತ್ತು. ಒಟ್ಟು ತೂಕ 7,500 ಕಿಲೊ ಮೀರದ ಸಾಗಾಣಿಕೆ ವಾಹನವನ್ನು ಹಗುರ ವಾಹನದ ಲೈಸೆನ್ಸಿನ ಮೇಲೇ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ತೀರ್ಪು ಕೊಟ್ಟಿತು.

ದೊಡ್ಡದು ಬೇಕೆನ್ನುವವರ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಎರಡೆಕರೆ ಗೋವಿನಜೋಳ 40 ಕ್ವಿಂಟಲ್ ಬಂತೆನ್ನಿ, ಸಣ್ಣ ಗಾಡಿಗೆ ಆರು ಸಲ ತಿರುಗಬೇಕು. ಒಂದೂವರೆ ಟನ್ನಿನ ಪಿಕಪ್ಪಿಗೆ ಮೂರು ಸಲ ಸಾಕು. ಆದರೆ ಆ ರಾಶಿಯ ದಿನ ವರ್ಷಕ್ಕೆಷ್ಟು ಬರುತ್ತದೆ? ಉಳಿದ ದಿನ ಹಾಲಿನ ಕ್ಯಾನು, ಕಾಯಿಪಲ್ಲೆ, ಎರಡು ಚೀಲ ಹಿಂಡಿ, ಒಂದು ಮೋಟಾರು ರಿಪೇರಿಗೆ ಒಯ್ಯುವುದು. ವರ್ಷದಲ್ಲಿ ನಾಲ್ಕು ದಿನ ಬೇಕಾಗುವ ಗಾಡಿಯನ್ನು ಬಾಡಿಗೆಗೆ ತರಬಹುದು. ಮುನ್ನೂರು ದಿನ ಬೇಕಾಗುವುದನ್ನು ಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ. ಮೆಣಸಿನಕಾಯಿ ಬೆಳೆಯುವವರ ಲೆಕ್ಕ ಮಾತ್ರ ಬೇರೆ. ಬ್ಯಾಡಗಿಗೆ ಹೋಗುವ ಮಾಲು ತೂಕದಲ್ಲಿ ಹಗುರ, ಜಾಗದಲ್ಲಿ ದೊಡ್ಡದು. ಅವರಿಗೆ ಉದ್ದ ಹಾಸಿನ ಪಿಕಪ್ಪೇ ಸರಿಹೋದೀತು. ಇನ್ನು 2022ರಲ್ಲಿ ನಮ್ಮ ದೇಶಕ್ಕೆ ಬಂದ ಟೊಯೊಟಾ ಹೈಲಕ್ಸ್‌ನಂಥ ನಾಲ್ಕು ಬಾಗಿಲಿನ ಪಿಕಪ್ಪುಗಳ ಪೋಟೊ ಮೊಬೈಲಿನಲ್ಲಿ ನೋಡಿ ಆಸೆಪಡುವ ಹುಡುಗರಿದ್ದಾರೆ. ಅದರ ಆರಂಭದ ಬೆಲೆ 33.99 ಲಕ್ಷ ಇತ್ತು. ಅದನ್ನು ತಂದು ಅದರಲ್ಲಿ ಗೊಬ್ಬರ ಹಾಕಲು ಯಾರಿಗಾದರೂ ಮನಸ್ಸು ಬಂದೀತೇ?

ಸಣ್ಣ ಗಾಡಿಯ ಕಡೆ ವಾದಿಸುವ ನಾನು ಅದರ ಮಾಲೀಕರಿಗೂ ಒಂದು ಮಾತು ಹೇಳಲೇಬೇಕು. ಎತ್ತು ನಿಂತು ಹೇಳುತ್ತಿತ್ತು, ಎಂಜಿನ್ ಹೇಳುವುದಿಲ್ಲ. 750 ಕಿಲೊದ ಗಾಡಿಗೆ ಒಂದೂವರೆ ಟನ್ ಹೇರಿದರೆ ಪಟ್ಟಿ ಮುರಿಯುತ್ತದೆ, ಇಳಿಜಾರಿನಲ್ಲಿ ಬ್ರೇಕು ಹತ್ತುವುದಿಲ್ಲ. ಹೆಚ್ಚು ಭಾರಕ್ಕೆ 2019ರ ತಿದ್ದುಪಡಿಯ ಮೇಲೆ ದಂಡ 20,000 ರೂಪಾಯಿ, ಮೇಲೆ ಪ್ರತಿ ಹೆಚ್ಚಿನ ಟನ್ನಿಗೆ 2,000. ಅದಕ್ಕಿಂತ ಘೋರವಾದದ್ದು ಮಂದಿ ಹೇರುವುದು. ಕಳೆ ತೆಗೆಯುವ ಹೆಣ್ಣುಮಕ್ಕಳನ್ನು, ದಿಬ್ಬಣದವರನ್ನು ಹಿಂದಿನ ಹಾಸಿನಲ್ಲಿ ನಿಲ್ಲಿಸಿಕೊಂಡು ಹೋಗುವುದು ನಮ್ಮ ಕಡೆ ದಿನದ ನೋಟ. ಸರಕಿನ ಗಾಡಿಯಲ್ಲಿ ಪುಕ್ಕಟೆ ಹತ್ತಿಸಿಕೊಂಡವರಿಗೆ ವಿಮಾ ಕಂಪನಿ ಹೊಣೆಯಲ್ಲವೆಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ಅಂದರೆ ಗಾಡಿ ಪಲ್ಟಿಯಾದರೆ ಸತ್ತವರ ಮನೆಯೂ ಮುಳುಗುತ್ತದೆ, ಗಾಡಿಯವನ ಮನೆಯೂ ಮುಳುಗುತ್ತದೆ. ಸಾಲ ಮಂಜೂರು ಮಾಡುವಾಗ ಆಡಳಿತ ಮಂಡಳಿಯವರು ಇದನ್ನು ಅರ್ಜಿದಾರನನ್ನು ಎದುರಿಗೆ ಕೂಡಿಸಿಕೊಂಡು ಬಾಯಿಬಿಟ್ಟು ಹೇಳುವುದು ಒಳ್ಳೆಯದು.

ಏಸ್ ಗಾಡಿಗೆ ಈಗ ಇಪ್ಪತ್ತು ವರ್ಷ ಆಗಿಹೋಯಿತು. 2022ರಲ್ಲಿ ಅದರ ವಿದ್ಯುತ್ ಮಾದರಿ ಬಂತು. 2025ರ ಜೂನಿನಲ್ಲಿ ‘ಏಸ್ ಪ್ರೊ’ ಎಂಬ ಇನ್ನೊಂದು ಬಂತು, ಪೆಟ್ರೋಲ್, ಪೆಟ್ರೋಲ್ ಜತೆ ಸಿಎನ್‌ಜಿ, ವಿದ್ಯುತ್ ಎಂಬ ಮೂರು ಬಗೆಯಲ್ಲಿ. ಬಿಡುಗಡೆಯ ಬೆಲೆ 3.99 ಲಕ್ಷದಿಂದ ಶುರು. ಎಂಜಿನ್ ಬದಲಾಗಿದೆ, ಬೆಲೆ ಬದಲಾಗಿದೆ, ಮುಖ ಬದಲಾಗಿದೆ. ಹೇರು ಮಾತ್ರ ಅದೇ 750 ಕಿಲೊ, ಹದಿನೈದು ಚೀಲ.